ಒಂದೇ ಅಂಕಣ, ನೂರೆಂಟು ಫೈನಲ್

ಈ ಸಲದ ಪತ್ರಗಳಲ್ಲಿ ಟೆನಿಸ್‌ನದ್ದೇ ಕಾರುಬಾರು. ಕ್ಲೇ (ಕೆಂಪು ಪುಡಿ ಹಾಸಿದ ನೆಲ), ಹುಲ್ಲು, ಹಾರ್ಡ್ ಕೋರ್ಟ್ (ಗಟ್ಟಿ ನೆಲ) ಅಂತ ಒಂದೊಂದು ಬಗೆಯ ಅಂಕಣಕ್ಕೂ ಒಬ್ಬೊಬ್ಬ ರಾಜ ಯಾಕೆ ಅನ್ನೋದೇ ಹೆಚ್ಚಿನವರ ಕುತೂಹಲ. ಹಾಗಾಗಿ ಕ್ರಿಕೆಟ್ ಪ್ರಶ್ನೆಗಳಿಗೆ ಈ ಬಾರಿ ರಜೆ.

ಪ್ರಶ್ನೆ (ಹಾಸನ): ಒಂದೇ ಬಗೆಯ ಅಂಕಣದಲ್ಲಿ ಅತಿ ಹೆಚ್ಚು ಫೈನಲ್ ಆಡಿದವರು ಯಾರು? ನಾನು ನಡಾಲ್ ಅಂತೀನಿ, ಗೆಳೆಯ ಫೆಡರರ್ ಅಂತಾನೆ. ಮಸಾಲೆ ದೋಸೆ ಬೆಟ್ಟು ಕಟ್ಟಿದ್ದೀವಿ.

ದೋಸೆ ನೀವೇ ಕೊಡಿಸಿ. ರೋಜರ್ ಫೆಡರರ್ ಹಾರ್ಡ್ ಕೋರ್ಟ್ ಮೇಲೆ 97 ಫೈನಲ್ ಆಡಿದ್ದಾರೆ. 71 ಗೆದ್ದರು, 26 ಸೋತರು. ಅವರು ಆಟ ಬಿಡುವಾಗ ಒಂದೇ ಬಗೆಯ ಅಂಕಣದಲ್ಲಿ ಅಷ್ಟು ಫೈನಲ್ ಆಡಿದ ಗಂಡಸರು ಬೇರೆ ಇರಲಿಲ್ಲ. ರಫೆಲ್ ನಡಾಲ್ ಕ್ಲೇ ಮೇಲೆ ಆಡಿದ್ದು 72.

ಆದರೆ ಬೆಟ್ಟು ಕಟ್ಟುವಾಗ ಪ್ರಶ್ನೆಯನ್ನು ಸ್ವಲ್ಪ ಬದಲಿಸಿದ್ದರೆ ನೀವೇ ಗೆಲ್ತಿದ್ರಿ. ನಡಾಲ್ ಆ 72ರಲ್ಲಿ 63 ಗೆದ್ದರು. ಎಂಟಕ್ಕೆ ಏಳು ಅಂದ್ಕೊಳ್ಳಿ. ಫೆಡರರ್ ಲೆಕ್ಕ ನಾಲ್ಕಕ್ಕೆ ಮೂರರ ಹತ್ತಿರ ಬರುತ್ತೆ. ಇನ್ನೊಂದು ವಿಷಯವನ್ನೂ ನೋಡಬೇಕು. ಟೆನಿಸ್ ವರ್ಷದಲ್ಲಿ ಹಾರ್ಡ್ ಕೋರ್ಟ್‌ಗೆ ಸಿಗುವ ಪಾಲೇ ದೊಡ್ಡದು. ಆಸ್ಟ್ರೇಲಿಯನ್ ಓಪನ್, ಅಮೆರಿಕ ಓಪನ್ ಎರಡೂ ಅಲ್ಲೇ, ಗ್ರ್ಯಾನ್‌ಸ್ಲಾಮ್ ಬಿಟ್ಟರೆ ದೊಡ್ಡವು ಅನ್ನಿಸಿಕೊಳ್ಳುವ ಒಂಬತ್ತು ಮಾಸ್ಟರ್ಸ್ ಟೂರ್ನಿಗಳಲ್ಲಿ ಆರು ಅಲ್ಲೇ, ವರ್ಷದ ಕೊನೆಯ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಫೈನಲ್ಸ್ ಕೂಡ ಅಲ್ಲೇ. ಕ್ಲೇಗೆ ಸಿಗೋದು ಒಂದು ಗ್ರ್ಯಾನ್‌ಸ್ಲಾಮ್ (ಪ್ಯಾರಿಸ್‌ನ ಫ್ರೆಂಚ್ ಓಪನ್), ಮೂರು ಮಾಸ್ಟರ್ಸ್. ಹುಲ್ಲಿಗೆ ಒಂದು ವಿಂಬಲ್ಡನ್ ಮತ್ತು ಅದರ ಆಸುಪಾಸಿನ ಕೆಲವು ವಾರ, ಅಷ್ಟೇ. ಇದನ್ನು ಬದಿಗಿಟ್ಟು ಬರೀ ಸಂಖ್ಯೆ ಹೋಲಿಸಿದರೆ ಕ್ಲೇ ಆಟಗಾರರಿಗೆ ಅನ್ಯಾಯ ಆಗುತ್ತೆ.

ಅಂದಹಾಗೆ ಹಾರ್ಡ್ ಕೋರ್ಟ್‌ನಲ್ಲಿ ಗೆದ್ದ ಪ್ರಶಸ್ತಿಗಳ ದಾಖಲೆ ಈಗ ಫೆಡರರ್ ಹತ್ತಿರ ಇಲ್ಲ. 2025ರ ನವೆಂಬರ್‌ನಲ್ಲಿ ಅಥೆನ್ಸ್‌ನಲ್ಲಿ ಲೊರೆಂಜೊ ಮುಸೆಟ್ಟಿಯನ್ನು ಸೋಲಿಸಿ ನೊವಾಕ್ ಜೊಕೊವಿಚ್ 72ನೇ ಹಾರ್ಡ್ ಕೋರ್ಟ್ ಪ್ರಶಸ್ತಿ ಗೆದ್ದರು. ಆಗ ಅವರ ವಯಸ್ಸು 38! ಅಮೆರಿಕ ಓಪನ್‌ನಲ್ಲಿ ಅವರು ಹತ್ತು ಫೈನಲ್ ಆಡಿ ಗೆದ್ದಿದ್ದು ನಾಲ್ಕೇ. ಆದರೆ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ 2023ರವರೆಗೆ ಹತ್ತು ಫೈನಲ್ ಆಡಿ ಹತ್ತನ್ನೂ ಗೆದ್ದಿದ್ದರು. ಎರಡೂ ಹಾರ್ಡ್ ಕೋರ್ಟೇ, ಆದರೂ ಎಷ್ಟು ವ್ಯತ್ಯಾಸ ನೋಡಿ.

ಪ್ರಶ್ನೆ (ಧಾರವಾಡ): ನಡಾಲ್ ಕ್ಲೇ ಫೈನಲ್‌ನಲ್ಲಿ ಸೋತಿದ್ದು ಬರೀ ಒಂಬತ್ತು ಸಲ ಅಂತ ಓದಿದೆ. ಸೋಲಿಸಿದ ಪುಣ್ಯಾತ್ಮರು ಯಾರು?

ಒಳ್ಳೆ ಪ್ರಶ್ನೆ. ಗೆದ್ದ 63ರ ಪಟ್ಟಿ ಎಲ್ಲ ಕಡೆ ಸಿಗುತ್ತೆ, ಸೋತ ಒಂಬತ್ತರಲ್ಲೇ ನಿಜವಾದ ಕತೆ ಇರೋದು. ನಾಲ್ಕು ಸಲ ಸೋಲಿಸಿದವರು ಜೊಕೊವಿಚ್: 2011ರಲ್ಲಿ ಮ್ಯಾಡ್ರಿಡ್ ಮತ್ತು ರೋಮ್, 2013ರಲ್ಲಿ ಮಾಂಟೆ ಕಾರ್ಲೊ, 2014ರಲ್ಲಿ ಮತ್ತೆ ರೋಮ್. ಫೆಡರರ್ ಎರಡು ಸಲ: 2007ರ ಹ್ಯಾಂಬರ್ಗ್, 2009ರ ಮ್ಯಾಡ್ರಿಡ್. ಆ್ಯಂಡಿ ಮರ್ರೆ 2015ರಲ್ಲಿ ಮ್ಯಾಡ್ರಿಡ್‌ನಲ್ಲಿ. ಉಳಿದ ಎರಡು ಹೆಸರು ಕೇಳಿದರೆ ಟೆನಿಸ್ ಹುಚ್ಚರೂ ಒಂದು ಕ್ಷಣ ತಲೆ ಕೆರೆದುಕೊಳ್ತಾರೆ. ಒಬ್ಬರು ಅರ್ಜೆಂಟೀನಾದ ಹೊರಾಸಿಯೊ ಜೆಬಲ್ಲೊಸ್. 2013ರ ಫೆಬ್ರುವರಿಯಲ್ಲಿ, ಮೊಣಕಾಲು ನೋವಿಂದ ಏಳು ತಿಂಗಳು ಹೊರಗಿದ್ದ ನಡಾಲ್ ವಾಪಸ್ ಬಂದ ಮೊದಲ ಟೂರ್ನಿಯಲ್ಲೇ, ಚಿಲಿಯ ವಿನಾ ಡೆಲ್ ಮಾರ್‌ನಲ್ಲಿ, ಜೆಬಲ್ಲೊಸ್ ಗೆದ್ದರು. ಸಿಂಗಲ್ಸ್‌ನಲ್ಲಿ ಅವರು ಗೆದ್ದ ಒಂದೇ ಒಂದು ಎಟಿಪಿ ಪ್ರಶಸ್ತಿ ಅದು. ಇನ್ನೊಬ್ಬರು ಪೋರ್ಚುಗಲ್‌ನ ನುನೊ ಬೋರ್ಜೆಸ್. 2024ರ ಜುಲೈನಲ್ಲಿ ಸ್ವೀಡನ್‌ನ ಬಾಸ್ಟಾಡ್‌ನಲ್ಲಿ 6-3, 6-2. ಅದೇ ನಡಾಲ್ ಆಡಿದ ಕೊನೆಯ ಫೈನಲ್.

ಈ ಪಟ್ಟಿಯಲ್ಲಿ ಮ್ಯಾಡ್ರಿಡ್ ಮೂರು ಸಲ ಬಂತು, ಗಮನಿಸಿದ್ರಾ? ಅದು ಸುಮ್ನೆ ಆಗಿದ್ದಲ್ಲ ಅನ್ನೋದು ನನ್ನ ಲೆಕ್ಕ. ಮ್ಯಾಡ್ರಿಡ್ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ನಮ್ಮ ಬೆಂಗಳೂರು ಅದಕ್ಕಿಂತ ಎತ್ತರ, 900 ಮೀಟರ್ ಮೇಲೆ, ಇಲ್ಲೂ ಚೆಂಡು ಹಾರುತ್ತೆ. ಹೊಡೆತ ಬೇಗ ಬಂದರೆ ನಡಾಲ್‌ಗೆ ಕ್ಲೇ ಕೊಡುವ ಆ ಎರಡು ಕ್ಷಣದ ಬಿಡುವು ಸಿಗಲ್ಲ. ಚೆಂಡನ್ನು ಸುತ್ತಿಸಿ ಕೆಳಗೆ ಇಳಿಸೋದೂ ಕಷ್ಟ. 2009ರಲ್ಲಿ ಇನ್ನೊಂದು ಕಾರಣವೂ ಇತ್ತು. ಫೈನಲ್‌ನ ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಜೊಕೊವಿಚ್ ಜತೆ ನಾಲ್ಕು ಗಂಟೆಗೂ ಮೇಲೆ ಗುದ್ದಾಡಿ, ಮೂರು ಮ್ಯಾಚ್ ಪಾಯಿಂಟ್ (ಇನ್ನೊಂದು ಅಂಕ ಹೋದರೆ ಸೋಲು ಅನ್ನೋ ಹಂತ) ಉಳಿಸಿಕೊಂಡು ಗೆದ್ದಿದ್ದರು. ಮರುದಿನ ಫೆಡರರ್ ಎದುರು ಕಾಲೇ ಏಳಲಿಲ್ಲ.

ಪ್ಯಾರಿಸ್ ಕತೆ ಬೇರೆ. ಫ್ರೆಂಚ್ ಓಪನ್‌ನಲ್ಲಿ 14 ಫೈನಲ್, 14 ಗೆಲುವು. ಒಟ್ಟು ಅಲ್ಲಿ ಆಡಿದ 116 ಪಂದ್ಯದಲ್ಲಿ ಸೋತಿದ್ದು ನಾಲ್ಕು, ಒಂದೂ ಫೈನಲ್ ಅಲ್ಲ. ಬಾರ್ಸಿಲೋನಾದಲ್ಲಿ 12 ಫೈನಲ್, 12 ಗೆಲುವು. ಪ್ಯಾರಿಸ್‌ನ ಅಂಕಣ ಹತ್ತಿರದಿಂದ ನೋಡಿದರೆ ಕಾರಣ ಅರ್ಧ ತಿಳಿಯುತ್ತೆ. ಕೆಂಪಗೆ ಕಾಣೋದು ಮಣ್ಣಲ್ಲ, ಇಟ್ಟಿಗೆ ಪುಡಿ. ಅದೂ ಮೇಲೆ ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೆ. ಕೆಳಗೆ ಸುಣ್ಣಕಲ್ಲಿನ ಪದರ, ಅದರ ಕೆಳಗೆ ಕಲ್ಲಿದ್ದಲು ಸುಟ್ಟ ಕಿಟ್ಟ, ಜಲ್ಲಿ. ಚೆಂಡು ಆ ಪುಡಿಗೆ ಬಿದ್ದಾಗ ಕಚ್ಚಿಕೊಂಡು, ವೇಗ ಕಳೆದುಕೊಂಡು ಮೇಲಕ್ಕೆ ಏಳುತ್ತೆ. ನಡಾಲ್ ಎಡಗೈ ಫೋರ್‌ಹ್ಯಾಂಡ್‌ನಿಂದ ಬರುವ ಚೆಂಡು ನಿಮಿಷಕ್ಕೆ 3,000ಕ್ಕಿಂತ ಜಾಸ್ತಿ ಸುತ್ತು ಸುತ್ತುವ ವೇಗದಲ್ಲಿರುತ್ತೆ. ಅದು ಕ್ಲೇ ಮೇಲೆ ಬಿದ್ದರೆ ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡ್ ಕಡೆ, ಭುಜದ ಎತ್ತರಕ್ಕೆ ಪುಟಿಯುತ್ತೆ. ಫೆಡರರ್‌ದು ಒಂದೇ ಕೈಯ ಬ್ಯಾಕ್‌ಹ್ಯಾಂಡ್. ಭುಜದ ಮೇಲಿನ ಚೆಂಡನ್ನು ಒಂದೇ ಕೈಯಲ್ಲಿ ಎಷ್ಟು ಹೊತ್ತು ಹೊಡೀತಾರೆ ಪಾಪ? 2008ರ ಪ್ಯಾರಿಸ್ ಫೈನಲ್ ಸ್ಕೋರ್ ನಡಾಲ್ ಪರ 6-1, 6-3, 6-0. ಅದನ್ನು ನೇರಪ್ರಸಾರದಲ್ಲಿ ನೋಡಿದವರಿಗೆ ಇನ್ನೂ ಮರೆತಿರಲಿಕ್ಕಿಲ್ಲ.

ಪ್ರಶ್ನೆ (ತುಮಕೂರು): ನಡಾಲ್‌ಗಿಂತ ಹೆಚ್ಚು ಕ್ಲೇ ಫೈನಲ್ ಆಡಿದವರು ಒಬ್ಬರಿದ್ದಾರೆ ಅಂತ ನಮ್ಮ ಮಾವ ಹೇಳ್ತಾರೆ. ನಿಜಾನಾ?

ನಿಮ್ಮ ಮಾವ 70ರ ದಶಕದ ಟೆನಿಸ್ ನೋಡಿದವರು ಅನ್ಸುತ್ತೆ. ಹೌದು, ಅರ್ಜೆಂಟೀನಾದ ಗಿಲರ್ಮೊ ವಿಲಾಸ್. ಅವರು ಗೆದ್ದ 62 ಪ್ರಶಸ್ತಿಗಳಲ್ಲಿ 49 ಕ್ಲೇ ಮೇಲಿನವು. ಪ್ರಶಸ್ತಿ ಲೆಕ್ಕದಲ್ಲಿ ನಡಾಲ್ ತುಂಬಾ ಮುಂದೆ. ಆದರೆ ಫೈನಲ್ ಮುಟ್ಟಿದ ಲೆಕ್ಕ ತೆಗೆದರೆ ವಿಲಾಸ್ ಕೆಲವು ಹೆಜ್ಜೆ ಮುಂದಿದ್ದಾರೆ, ಯಾಕೆಂದರೆ ಅವರು ಸೋತ ಫೈನಲ್‌ಗಳೂ ಬೇಕಾದಷ್ಟಿವೆ. ಆ ಕಾಲದಲ್ಲಿ ಕ್ಲೇ ಮೇಲೆ ಸಣ್ಣಪುಟ್ಟ ಟೂರ್ನಿಗಳು ವಾರವಾರ ನಡೀತಿದ್ದವು, ವಿಲಾಸ್ ಸಿಕ್ಕಿದ್ದೆಲ್ಲ ಆಡ್ತಿದ್ದರು. ಅಮೆರಿಕ ಓಪನ್ ಕೂಡ 1975ರಿಂದ 1977ರವರೆಗೆ ಮೂರು ವರ್ಷ ಕ್ಲೇ ಮೇಲೆ ನಡೆದಿತ್ತು. 1977ರಲ್ಲಿ ವಿಲಾಸ್ ಫ್ರೆಂಚ್ ಓಪನ್, ಅಮೆರಿಕ ಓಪನ್ ಎರಡನ್ನೂ ಗೆದ್ದರು. ಇಷ್ಟಾದರೂ ಎಟಿಪಿ ರ‍್ಯಾಂಕಿಂಗ್‌ನಲ್ಲಿ ಅವರು ಒಂದನೇ ಸ್ಥಾನ ಕಾಣಲೇ ಇಲ್ಲ. ಅದು ಸಿಗಬೇಕಿತ್ತಾ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಅದೇ 1977ರ ಒಂದು ಫೈನಲ್ ಮಾತ್ರ ಹೇಳಲೇಬೇಕು. ಫ್ರಾನ್ಸ್‌ನ ಎಕ್ಸ್-ಅನ್-ಪ್ರೊವಾನ್ಸ್‌ನಲ್ಲಿ. ವಿಲಾಸ್ ಕ್ಲೇ ಮೇಲೆ ಸತತ 53 ಪಂದ್ಯ ಗೆದ್ದು ಬಂದಿದ್ದರು. ಎದುರಿಗೆ ರೊಮೇನಿಯಾದ ಇಲಿ ನಸ್ತಾಸೆ. ಅವರ ಕೈಯಲ್ಲಿ ‘ಸ್ಪಾಗೆಟಿ’ ಅಂತ ಅಡ್ಡಹೆಸರಿದ್ದ ವಿಚಿತ್ರ ರ‍್ಯಾಕೆಟ್. ಅದಕ್ಕೆ ಎರಡು ಪದರದ ತಂತಿ, ಮಧ್ಯೆ ಪ್ಲಾಸ್ಟಿಕ್ ಕೊಳವೆ. ಚೆಂಡು ತಂತಿಯಲ್ಲಿ ಒಂದು ಗಳಿಗೆ ಕೂತು, ಜಾರಿ, ಎತ್ತ ತಿರುಗುತ್ತೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಹೊಡೆತದ ಸದ್ದೂ ಸರಿಯಾಗಿ ಕೇಳಿಸ್ತಿರಲಿಲ್ಲ. ಎರಡು ಸೆಟ್ ಸೋತ ಮೇಲೆ ವಿಲಾಸ್ ಸಿಟ್ಟಿನಿಂದ ಅಂಕಣ ಬಿಟ್ಟು ನಡೆದರು. ಸರಣಿ ಅಲ್ಲಿಗೆ ನಿಂತಿತು. ಆ ರ‍್ಯಾಕೆಟ್‌ಗೂ ಅದೇ ಹೊತ್ತಿಗೆ ನಿಷೇಧ ಬಂತು.

ಆ 53ರ ದಾಖಲೆ ಮುರಿದವರು ಮತ್ತೆ ನಡಾಲೇ, 2006ರ ಫ್ರೆಂಚ್ ಓಪನ್ ಮೊದಲ ಸುತ್ತಿನಲ್ಲಿ. ಅವತ್ತು ಎದುರಿಗಿದ್ದವರು ರಾಬಿನ್ ಸೊಡರ್ಲಿಂಗ್. ಮೂರು ವರ್ಷ ಬಿಟ್ಟು ಅದೇ ಪ್ಯಾರಿಸ್‌ನಲ್ಲಿ ನಡಾಲ್‌ಗೆ ಮೊದಲ ಸೋಲು ಉಣಿಸಿದ್ದೂ ಇದೇ ಸೊಡರ್ಲಿಂಗ್! ನಡಾಲ್ ಸರಣಿ ಕೊನೆಗೆ 81ರವರೆಗೆ ಹೋಗಿ ಹ್ಯಾಂಬರ್ಗ್ ಫೈನಲ್‌ನಲ್ಲಿ ಫೆಡರರ್ ಕೈಯಲ್ಲಿ ಮುರಿಯಿತು. ಕೊನೆಯ ಸೆಟ್ 6-0.

ಪ್ರಶ್ನೆ (ಉಡುಪಿ): ಬರೀ ಗಂಡಸರ ಬಗ್ಗೆಯೇ ಬರೀತೀರಲ್ಲ. ಹೆಣ್ಣುಮಕ್ಕಳಲ್ಲಿ ಇಂಥ ದಾಖಲೆ ಇಲ್ವಾ?

ಇದೆ, ಕೆಲವು ಗಂಡಸರ ದಾಖಲೆಗಿಂತ ಗಟ್ಟಿಯಾಗಿಯೇ ಇದೆ. ನಡಾಲ್ ಅವರ 81 ದೊಡ್ಡದು ಅಂದ್ರಾ? ಕ್ರಿಸ್ ಎವರ್ಟ್ 1973ರ ಆಗಸ್ಟ್‌ನಿಂದ 1979ರ ಮೇವರೆಗೆ ಕ್ಲೇ ಮೇಲೆ ಸತತ 125 ಪಂದ್ಯ ಗೆದ್ದರು. ಸುಮಾರು ಆರು ವರ್ಷ ಈ ಅಂಕಣದಲ್ಲಿ ಸೋಲೇ ಇಲ್ಲ. ಕೊನೆಗೆ ರೋಮ್‌ನಲ್ಲಿ 16 ವರ್ಷದ ಟ್ರೇಸಿ ಆಸ್ಟಿನ್ ಮೂರನೇ ಸೆಟ್ ಟೈಬ್ರೇಕರ್‌ನಲ್ಲಿ (6-6 ಆದಾಗ ಸೆಟ್ ತೀರ್ಮಾನಿಸುವ ಆಟ) ಸೋಲಿಸಿದರು. ಅದಾದ ಮೇಲೆ ಎವರ್ಟ್ ಏನು ಮಾಡಿದರು ಗೊತ್ತಾ? ಮತ್ತೆ ಸತತ 72 ಗೆದ್ದರು.

ಫ್ರೆಂಚ್ ಓಪನ್‌ನಲ್ಲಿ ಎವರ್ಟ್ ಒಂಬತ್ತು ಫೈನಲ್ ಆಡಿ ಏಳು ಗೆದ್ದಿದ್ದಾರೆ. ಸ್ಟೆಫಿ ಗ್ರಾಫ್ ಕೂಡ ಒಂಬತ್ತು ಫೈನಲ್ ಆಡಿದವರು, ಗೆದ್ದಿದ್ದು ಆರು. ಆದರೆ ಎವರ್ಟ್ 1976ರಿಂದ 1978ರವರೆಗೆ ಪ್ಯಾರಿಸ್‌ಗೆ ಹೋಗಲೇ ಇಲ್ಲ. ಆಗ ಅಮೆರಿಕದಲ್ಲಿ ವರ್ಲ್ಡ್ ಟೀಮ್ ಟೆನಿಸ್ ಅನ್ನೋ ಲೀಗ್ ನಡೀತಿತ್ತು, ಅದರಲ್ಲಿ ಆಡ್ತಿದ್ದರು. ಕ್ಲೇ ಮೇಲೆ ಯಾರೂ ಸೋಲಿಸಲಾಗದ ಕಾಲದಲ್ಲೇ ಮೂರು ಫ್ರೆಂಚ್ ಓಪನ್ ಬಿಟ್ಟರು ಅಂದರೆ ಆ ಸಂಖ್ಯೆ ಎಲ್ಲಿಗೆ ಹೋಗಬಹುದಿತ್ತು ನೀವೇ ಊಹಿಸಿ. ನನ್ನ ಕೇಳಿದರೆ ಕ್ಲೇಯ ಅತಿ ದೊಡ್ಡ ಆಟಗಾರ್ತಿ ಅವರೇ, ಎರಡನೇ ಮಾತೇ ಇಲ್ಲ. ಅವರು ಬೆಳೆದಿದ್ದೂ ಫ್ಲೋರಿಡಾದ ಸಾರ್ವಜನಿಕ ಕ್ಲೇ ಕೋರ್ಟ್‌ಗಳಲ್ಲಿ, ಅಪ್ಪನೇ ಕೋಚ್.

ಪ್ರಶ್ನೆ (ಮೈಸೂರು): ವಿಂಬಲ್ಡನ್‌ನಲ್ಲಿ ಅತಿ ಹೆಚ್ಚು ಫೈನಲ್ ಯಾರದ್ದು?

ಈಗಿನ ಪದ್ಧತಿಯಲ್ಲಿ ಇಬ್ಬರು ಸಮ: ಮಾರ್ಟಿನಾ ನವ್ರಾಟಿಲೋವಾ 12, ಫೆಡರರ್ 12. ಮಾರ್ಟಿನಾ ಒಂಬತ್ತು ಗೆದ್ದರು, ಫೆಡರರ್ ಎಂಟು. ಮಾರ್ಟಿನಾ 1982ರಿಂದ 1990ರವರೆಗೆ ಒಂದು ವರ್ಷವೂ ತಪ್ಪದೆ ಫೈನಲ್‌ನಲ್ಲಿದ್ದರು. ಹಳೇ ಪುಸ್ತಕ ತೆಗೆದರೆ ಬ್ಲಾಂಚ್ ಬಿಂಗ್ಲಿ ಹಿಲ್ಯಾರ್ಡ್ ಅನ್ನೋ 19ನೇ ಶತಮಾನದ ಆಟಗಾರ್ತಿ 13 ಅಂತ ಸಿಗುತ್ತೆ. ಆದರೆ ಆಗ ಹಿಂದಿನ ವರ್ಷದ ಚಾಂಪಿಯನ್ ನೇರವಾಗಿ ಕೊನೆಯ ಪಂದ್ಯಕ್ಕೇ ಬರಬಹುದಿತ್ತು. ಮಿಕ್ಕವರೆಲ್ಲ ಹೊಡೆದಾಡಿ ಒಬ್ಬರು ಉಳಿಯುವವರೆಗೆ ಕೂತು ಟೀ ಕುಡಿದರೆ ಸಾಕು. ಆ ಪದ್ಧತಿ ಹೋಗಿದ್ದು 1922ರಲ್ಲಿ.

ಹುಲ್ಲಿನ ಮೇಲೆ ಫೆಡರರ್ ಒಟ್ಟು 27 ಫೈನಲ್ ಆಡಿದ್ದಾರೆ. ವಿಂಬಲ್ಡನ್ 12, ಜರ್ಮನಿಯ ಹಾಲೆ 13, ಸ್ಟುಟ್‌ಗಾರ್ಟ್ ಒಂದು, 2012ರ ಒಲಿಂಪಿಕ್ಸ್ ಒಂದು. ಅದರಲ್ಲಿ 19 ಗೆಲುವು. ಸೋತ ಎಂಟರಲ್ಲಿ ಒಂದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ: 2019ರ ವಿಂಬಲ್ಡನ್. ಐದನೇ ಸೆಟ್, 8-7, ಫೆಡರರ್ ಸರ್ವ್, 40-15. ಎರಡು ಚಾಂಪಿಯನ್‌ಶಿಪ್ ಪಾಯಿಂಟ್ ಕೈಯಲ್ಲಿ, ಒಂದು ಅಂಕ ಬಂದರೆ ಕಪ್. ಎರಡೂ ಹೋದವು. ಪಂದ್ಯ 4 ಗಂಟೆ 57 ನಿಮಿಷ ನಡೆಯಿತು. ಒಟ್ಟು ಅಂಕ ಫೆಡರರ್ 218, ಜೊಕೊವಿಚ್ 204. ಕಪ್ ಮಾತ್ರ ಜೊಕೊವಿಚ್‌ಗೆ.

ಪ್ರಶ್ನೆ (ದಾವಣಗೆರೆ): ಫೈನಲ್‌ಗೆ ಬಂದು ಬಂದು ಸೋತವರನ್ನೂ ದಾಖಲೆವೀರರು ಅನ್ನಬೇಕಾ?

ಖಂಡಿತ ಅನ್ನಬೇಕು. ಇವಾನ್ ಲೆಂಡ್ಲ್ ನೋಡಿ. ಅಮೆರಿಕ ಓಪನ್‌ನಲ್ಲಿ 1982ರಿಂದ 1989ರವರೆಗೆ ಸತತ ಎಂಟು ಫೈನಲ್, ಎಲ್ಲ ಹಾರ್ಡ್ ಕೋರ್ಟ್ ಮೇಲೆ. ಗೆದ್ದಿದ್ದು ಮೂರು. ಸೋಲಿಸಿದವರು ಕಾನರ್ಸ್ ಎರಡು ಸಲ, ಮೆಕೆನ್ರೊ, ವಿಲಾಂಡರ್, ಬೆಕರ್. ಎಂಟು ವರ್ಷ ಎದುರಾಳಿಗಳು ಬದಲಾಗ್ತಾ ಹೋದರು, ನೆಟ್‌ನ ಈ ಕಡೆ ಲೆಂಡ್ಲ್ ಮಾತ್ರ ಕಾಯಂ. ಒಂದು ಸಲ ಅದೃಷ್ಟದಿಂದ ಕಪ್ ಗೆಲ್ಲಬಹುದು, ಎಂಟು ವರ್ಷ ಫೈನಲ್‌ಗೆ ಬರೋದಕ್ಕೆ ಅದೃಷ್ಟ ಸಾಲಲ್ಲ.

ಪ್ರಶ್ನೆ (ಕಲಬುರಗಿ): ಅರ್ಧ ಹುಲ್ಲು, ಅರ್ಧ ಮಣ್ಣಿನ ಅಂಕಣದಲ್ಲಿ ಪಂದ್ಯ ನಡೆದಿತ್ತಂತೆ. ತಮಾಷೆನಾ, ನಿಜಾನಾ?

ಎರಡೂ. 2007ರ ಮೇ 2ರಂದು ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ, ನಡಾಲ್ ಊರಿನ ಕಡೆ, ನಡೆದ ಪ್ರದರ್ಶನ ಪಂದ್ಯ ಅದು. ಆಗ ನಡಾಲ್ ಕ್ಲೇ ಮೇಲೆ ಸತತ 72, ಫೆಡರರ್ ಹುಲ್ಲಿನ ಮೇಲೆ ಸತತ 48 ಗೆದ್ದಿದ್ದರು. ನೆಟ್‌ನ ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಇಟ್ಟಿಗೆ ಪುಡಿ. ಹುಲ್ಲಿನ ಶೂ ತಳ ಬೇರೆ, ಕ್ಲೇ ಶೂ ತಳ ಬೇರೆ. ಹಾಗಾಗಿ ಬದಿ ಬದಲಿಸುವಾಗೆಲ್ಲ ಇಬ್ಬರೂ ಕೂತು ಶೂ ಬಿಚ್ಚಿ, ಇನ್ನೊಂದು ಜೋಡಿ ಹಾಕಿ, ಲೇಸ್ ಕಟ್ಟಬೇಕು. ನಡಾಲ್ 7-5, 4-6, 7-6ರಲ್ಲಿ ಗೆದ್ದರು. ಕೊನೆಯ ಟೈಬ್ರೇಕರ್ 12-10ರವರೆಗೆ ಹೋಯಿತು. ದಾಖಲೆ ಪುಸ್ತಕಕ್ಕೆ ಸೇರಲ್ಲ ಬಿಡಿ.

ಪ್ರಶ್ನೆ (ಮಡಿಕೇರಿ): ನಮ್ಮ ರೋಹನ್ ಬೋಪಣ್ಣ ಯಾವ ಅಂಕಣದ ಆಟಗಾರ?

ಅಂಕಿಅಂಶ ಕೇಳಿದರೆ ಹಾರ್ಡ್ ಕೋರ್ಟ್. ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಸೇರಿಸಿ ಅವರು ಆರು ಗ್ರ್ಯಾನ್‌ಸ್ಲಾಮ್ ಫೈನಲ್ ಆಡಿದ್ದಾರೆ, ಐದು ಹಾರ್ಡ್ ಕೋರ್ಟ್ ಮೇಲೆಯೇ. ಅಮೆರಿಕ ಓಪನ್ 2010 ಮತ್ತು 2023, ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ 2018 ಮತ್ತು 2023 (2023ರಲ್ಲಿ ಜತೆಗಿದ್ದವರು ಸಾನಿಯಾ ಮಿರ್ಜಾ). ಈ ನಾಲ್ಕೂ ಸೋತರು. ಐದನೆಯದ್ದು 2024ರ ಆಸ್ಟ್ರೇಲಿಯನ್ ಓಪನ್, ಮ್ಯಾಥ್ಯೂ ಎಬ್ಡೆನ್ ಜತೆ, 43ನೇ ವಯಸ್ಸಲ್ಲಿ. ಅದನ್ನು ಗೆದ್ದರು, ಮೊದಲ ಸೆಟ್‌ನ ಟೈಬ್ರೇಕರ್‌ನಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ. ಕ್ಲೇ ಮೇಲೆ ಆಡಿದ ಒಂದೇ ಒಂದು ಗ್ರ್ಯಾನ್‌ಸ್ಲಾಮ್ ಫೈನಲ್ ಅಂದರೆ 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್. ಗೇಬ್ರಿಯೆಲಾ ಡಬ್ರೌಸ್ಕಿ ಜತೆಗೂಡಿ, ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಅದನ್ನೂ ಗೆದ್ದರು. ವಿಂಬಲ್ಡನ್‌ನಲ್ಲಿ 2013, 2015, 2023ರಲ್ಲಿ ಸೆಮಿಫೈನಲ್‌ಗೆ ಬಂದು ನಿಂತರು. ಅಷ್ಟು ಜೋರು ಸರ್ವ್ ಇಟ್ಟುಕೊಂಡು ಹುಲ್ಲಿನ ಮೇಲೆ ಒಂದೂ ಗ್ರ್ಯಾನ್‌ಸ್ಲಾಮ್ ಫೈನಲ್ ಇಲ್ಲ ಅನ್ನೋದು ನನಗಂತೂ ಬೇಜಾರಿನ ವಿಷಯ.

ಪ್ರಶ್ನೆ (ಬೆಳಗಾವಿ): ನಡಾಲ್ ಅವರ 14 ಫ್ರೆಂಚ್ ಓಪನ್ ಫೈನಲ್ ದಾಖಲೆಯನ್ನು ಅಲ್ಕರಾಜ್ ಮುರೀತಾರಾ?

ಕಷ್ಟ. ಕಾರ್ಲೋಸ್ ಅಲ್ಕರಾಜ್ 2024, 2025 ಎರಡನ್ನೂ ಗೆದ್ದಿದ್ದಾರೆ. 2025ರಲ್ಲಿ ಯಾನಿಕ್ ಸಿನ್ನರ್ ಎದುರು ಮೂರು ಚಾಂಪಿಯನ್‌ಶಿಪ್ ಪಾಯಿಂಟ್ ಉಳಿಸಿಕೊಂಡು, 5 ಗಂಟೆ 29 ನಿಮಿಷ ಆಡಿ ಗೆದ್ದರು. ಫ್ರೆಂಚ್ ಓಪನ್ ಇತಿಹಾಸದಲ್ಲೇ ಅತಿ ದೀರ್ಘ ಫೈನಲ್ ಅದು. ಆಗ ವಯಸ್ಸು 22. ಅದೇ 22ಕ್ಕೆ ನಡಾಲ್ ಕೈಯಲ್ಲಿ ನಾಲ್ಕು ಕಪ್ ಇದ್ದವು, ಕೊನೆಯದನ್ನು ಗೆದ್ದಾಗ 36. ಹೆಂಗಸರಲ್ಲಿ ಇಗಾ ಶ್ವಿಯಾಂಟೆಕ್ 2024ರ ಹೊತ್ತಿಗೆ ನಾಲ್ಕು ಫೈನಲ್ ಆಡಿ ನಾಲ್ಕನ್ನೂ ಗೆದ್ದು ಆಸೆ ಹುಟ್ಟಿಸಿದ್ದರು. ಮರುವರ್ಷ ಸೆಮಿಫೈನಲ್‌ನಲ್ಲಿ ಸಬಲೆಂಕಾ ತಡೆದರು. ಅಲ್ಕರಾಜ್‌ಗೆ ಎದುರಲ್ಲಿ ಸಿನ್ನರ್ ಇದ್ದಾರೆ, ವರ್ಷಕ್ಕೆ ಒಂದೇ ಪ್ಯಾರಿಸ್. 2025ರ ಲೆಕ್ಕಕ್ಕೆ ಇನ್ನೂ ಹನ್ನೆರಡು ಫೈನಲ್ ಆಡಿದರೆ ನಡಾಲ್‌ಗೆ ಸಮ, ದಾಖಲೆ ಮುರಿಯೋಕೆ ಹದಿಮೂರು ಬೇಕು.